ಮಣಿಕಟ್ಟಿನ ದಾರಿ, ಎದೆಯ ದಾರಿ

ಇಪ್ಪತ್ತು ವರ್ಷ ಮಧುಮೇಹದೊಡನೆ ಸಂಸಾರ ಮಾಡಿದ ನಿವೃತ್ತ ಗಣಿತದ ಮೇಷ್ಟರೊಬ್ಬರಿಗೆ ಒಂದು ಬೆಳಿಗ್ಗೆ ಮೆಟ್ಟಿಲೇರುವಾಗ ಉಸಿರು ಕಟ್ಟಿದಂತಾಯಿತು. ಎದೆನೋವೇನೂ ಇರಲಿಲ್ಲ. ಈ ಕಾಯಿಲೆ ನರಗಳನ್ನೂ ಮಂದಗೊಳಿಸುವುದರಿಂದ, ಎಚ್ಚರಿಸಬೇಕಾದ ನೋವೇ ಕೆಲವೊಮ್ಮೆ ಬಾರದೆ ಹೋಗುತ್ತದೆ. ಪರೀಕ್ಷಿಸಿ ನೋಡಲಾಗಿ, ಹೃದಯಕ್ಕೆ ರಕ್ತವನ್ನೊಯ್ಯುವ ಮೂರು ನಾಳಗಳೂ ಅಲ್ಲಲ್ಲಿ ಕಿರಿದಾಗಿದ್ದುವು.

ಮನೆಯಲ್ಲಿ ಸಭೆ ಸೇರಿತು. “ಸ್ಟೆಂಟ್ ಹಾಕಿಸಿಬಿಡೋಣ ಅಪ್ಪಾ, ಮಣಿಕಟ್ಟಿನಲ್ಲಿ ಒಂದು ಸಣ್ಣ ತೂತು, ಎರಡು ದಿನದಲ್ಲಿ ಮನೆಗೆ” ಎಂದನು ಮಗ. ಎದುರುಮನೆಯವರಿಗೆ ಹಾಗೆಯೇ ಆಗಿತ್ತಲ್ಲವೆ? ವಾರ ಕಳೆಯುವ ಮುನ್ನ ಅವರು ಚೀಲ ಹಿಡಿದು ತರಕಾರಿಗೆ ಹೊರಟಿದ್ದರು. ಎದೆಯ ಮೂಳೆಯನ್ನು ಸೀಳುವ ಬೈಪಾಸಿನ ಮಾತೆತ್ತಿದರೆ ಸಾಕು, ಮೇಷ್ಟರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವರು. ಎದುರುಮನೆಯವರಿಗೆ ಮಧುಮೇಹವಿರಲಿಲ್ಲ, ಕೆಟ್ಟಿದ್ದುದು ಒಂದೇ ನಾಳ ಎಂಬುದು ಮಾತ್ರ ಯಾರ ನೆನಪಿಗೂ ಬರಲಿಲ್ಲ.

ಸ್ಟೆಂಟೆಂಬುದು ಲೋಹದ ಜಾಲರಿಯ ಪುಟ್ಟ ಕೊಳವೆ. 1986ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಅದು ಮೊದಲ ಬಾರಿಗೆ ಮನುಷ್ಯನ ಹೃದಯನಾಳವನ್ನು ಹೊಕ್ಕಿತು. ಹೃದಯಾಘಾತದ ಗಳಿಗೆಯಲ್ಲಿ ಎಷ್ಟೋ ಜೀವಗಳನ್ನುಳಿಸುವ ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಬಹುಕಾಲದ ಮಧುಮೇಹಿಯ ನಾಳವು ಒಂದೆಡೆ ಮಾತ್ರ ಕಟ್ಟಿದ ನಲ್ಲಿಯಲ್ಲ. ಉದ್ದಕ್ಕೂ ಹೂಳು ತುಂಬಿದ ಕಾಲುವೆ. ಜಾಲರಿ ತಾನು ಕುಳಿತ ಜಾಗವನ್ನಷ್ಟೇ ತೆರೆದಿಡಬಲ್ಲುದು. ಬೈಪಾಸಾದರೋ, ಕಾಲಿನ ಇಲ್ಲವೆ ಎದೆಗೂಡಿನ ನಾಳವೊಂದನ್ನು ಜೋಡಿಸಿ, ಹೂಳನ್ನು ಬಳಸಿಕೊಂಡು ಮುಂದಕ್ಕೆ ರಕ್ತವನ್ನು ಒಯ್ಯುತ್ತದೆ. ಜೋಡಣೆಯ ಹಿಂದೆ ನಾಳೆ ಮತ್ತೊಂದು ಕಡೆ ಕಟ್ಟಿದರೂ ಹರಿವು ನಿಲ್ಲದು.

ಮೇಷ್ಟರು ವೈದ್ಯರನ್ನು ಕೇಳಿದ್ದು ಒಂದೇ ಮಾತು: “ಎರಡು ದಿನದ ಸುಖ ಹಾಗಿರಲಿ ಡಾಕ್ಟರೇ, ಐದು ವರ್ಷದ ಲೆಕ್ಕ ಹೇಳಿ.”

ಲೆಕ್ಕ ಸಿದ್ಧವಾಗಿಯೇ ಇತ್ತು. 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಎಂಬ ಅಧ್ಯಯನದಲ್ಲಿ, ಹಲವು ನಾಳಗಳು ಕೆಟ್ಟಿದ್ದ 1,900 ಮಧುಮೇಹಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದ್ದರು. ಐದು ವರ್ಷಗಳಲ್ಲಿ ಔಷಧ ಲೇಪಿಸಿದ ಸ್ಟೆಂಟಿನ ಪಂಗಡದಲ್ಲಿ ನೂರಕ್ಕೆ 16.3 ಮಂದಿ ತೀರಿಕೊಂಡರು, ಬೈಪಾಸಿನವರಲ್ಲಿ 10.9. ಹೃದಯಾಘಾತ ಕ್ರಮವಾಗಿ 13.9 ಮತ್ತು 6. ಮೆದುಳಿನ ಆಘಾತ ಮಾತ್ರ ತಿರುಗುಮುರುಗು: ಸ್ಟೆಂಟಿನವರಲ್ಲಿ 2.4, ಬೈಪಾಸಿನವರಲ್ಲಿ 5.2. ಈ ಕೊನೆಯ ಅಂಕಿಯನ್ನು ವೈದ್ಯರು ಮುಚ್ಚಿಡಲಿಲ್ಲ. ಅದಕ್ಕಾಗಿಯೇ ಮೇಷ್ಟರಿಗೆ ಅವರಲ್ಲಿ ನಂಬಿಕೆ ಹುಟ್ಟಿದ್ದು. ಶಸ್ತ್ರಕ್ರಿಯೆಯನ್ನು ತಾಳಲಾರದಷ್ಟು ಕೃಶರಾದವರಿಗೆ ಲೆಕ್ಕವೇ ಬೇರೆಯೆಂದೂ ಅವರು ಹೇಳಿದರು.

ಮೇಷ್ಟರು ಎದೆಯ ದಾರಿಯನ್ನೇ ಹಿಡಿದರು. ಮೊದಲ ವಾರಗಳು ಕಷ್ಟದವು; ಕೆಮ್ಮು ಬಂದರೆ ದಿಂಬನ್ನು ಎದೆಗವಚಿಕೊಳ್ಳಬೇಕು. ಮೂರು ತಿಂಗಳ ಮೇಲೆ ಒಂದು ದಿನ ನಿಲ್ಲದೆ ಮೆಟ್ಟಿಲೇರಿ ಬಂದವರು ಗೆಲುವಿನಿಂದ ಕಾಫಿಗೆ ಒಂದು ಚಮಚ ಸಕ್ಕರೆ ಕೇಳಿದರು. “ಹೊಸ ಕಾಲುವೆಗೂ ಹೂಳು ತುಂಬುವುದೇನು?” ಎಂದು ಹೆಂಡತಿ ಡಬ್ಬಿಯನ್ನೆತ್ತಿ ಅಟ್ಟದ ಮೇಲಿಟ್ಟರು.