ಪೆರಂಬೂರಿನ ಬೋಗಿ, ಶ್ಲೀರೆನ್‌ನ ನಕ್ಷೆ

ಚೆನ್ನೈ ಸೆಂಟ್ರಲ್‌ನಿಂದ ಆವಡಿ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಪೆರಂಬೂರು ಎಂಬ ಹೆಸರು ಮೂರು ಸಲ ಬರುತ್ತದೆ. ಮೊದಲು ಬರೀ ಪೆರಂಬೂರು, ಆಮೇಲೆ ಪೆರಂಬೂರು ಕ್ಯಾರೇಜ್ ವರ್ಕ್ಸ್, ಅದಾದ ಮೇಲೆ ಪೆರಂಬೂರು ಲೋಕೋ ವರ್ಕ್ಸ್. ಊರಿಗೆ ಊರೇ ರೈಲಿಗಾಗಿ ಹುಟ್ಟಿಕೊಂಡಂತಿದೆ. ಚೆನ್ನೈಗೆ ಬರುವ ನಮ್ಮವರು ಮರೀನಾ, ಮೈಲಾಪುರ, ಟಿ. ನಗರದ ಸೀರೆ ಅಂಗಡಿಗಳನ್ನು ನೋಡಿ ಹಿಂದಿರುಗುತ್ತಾರೆ. ಈ ಕಡೆ ಬರುವವರು ಕಡಿಮೆ. ನಾನು ಬಂದದ್ದಕ್ಕೆ ಎರಡು ಕಾರಣ. ಅಕ್ಕನ ಮನೆ ಇರುವುದು ವಿಲ್ಲಿವಾಕ್ಕಂನಲ್ಲಿ. ನಾನಿರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನಾ ಶ್ಲೀರೆನ್ ಎಂಬ ಸ್ಟೇಷನ್ ದಾಟುತ್ತೇನೆ. ಆ ಶ್ಲೀರೆನ್‌ಗೂ ಈ ಪೆರಂಬೂರಿಗೂ ಏಳು ದಶಕಗಳ ನಂಟು.

ಬೆಂಗಳೂರಿನಿಂದ ಹುಬ್ಬಳ್ಳಿಗೋ ಮೈಸೂರಿಗೋ ನೀಲಿ ಬೋಗಿಯಲ್ಲಿ, ಕಿಟಕಿಯ ಸರಳು ಹಿಡಿದು ಪಯಣಿಸಿದವರೆಲ್ಲ ಈ ನಂಟಿನ ಪಾಲುದಾರರೇ. ಸ್ವಾತಂತ್ರ್ಯ ಬಂದಾಗ ನಮ್ಮ ರೈಲುಗಳಲ್ಲಿ ಮರದ ಮೈಯ ಬೋಗಿಗಳೇ ಹೆಚ್ಚು. ಡಿಕ್ಕಿಯಾದರೆ ಒಂದು ಬೋಗಿ ಇನ್ನೊಂದರೊಳಗೆ ತೂರಿಕೊಂಡು ಸಾವುನೋವು ವಿಪರೀತವಾಗುತ್ತಿತ್ತು. ಉಕ್ಕಿನ ಬೋಗಿಯನ್ನು ಇಲ್ಲಿಯೇ ಕಟ್ಟಬೇಕೆಂದು ಸರ್ಕಾರ ಹುಡುಕಿದಾಗ ಸಿಕ್ಕಿದ್ದು ಶ್ಲೀರೆನ್‌ನ ಒಂದು ಸ್ವಿಸ್ ಕಂಪನಿ. ಬೋಗಿ ಮತ್ತು ಲಿಫ್ಟ್ ಎರಡನ್ನೂ ತಯಾರಿಸುತ್ತಿದ್ದ ಆ ಕಂಪನಿಯ ತಾಂತ್ರಿಕ ನೆರವಿನಿಂದ 1955ರ ಅಕ್ಟೋಬರ್ 2ರಂದು ಪೆರಂಬೂರಿನಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು ನೆಹರೂ ಉದ್ಘಾಟಿಸಿದರು. 'ಇಂಟೆಗ್ರಲ್' ಎಂಬ ಪದದಲ್ಲೇ ಅದರ ಗುಟ್ಟಿದೆ. ಚೌಕಟ್ಟಿನ ಮೇಲೆ ಪೆಟ್ಟಿಗೆ ಕೂರಿಸುವ ಹಳೆಯ ಪದ್ಧತಿ ಬಿಟ್ಟು, ನೆಲ, ಗೋಡೆ, ಚಾವಣಿ ಎಲ್ಲವೂ ಒಂದಾಗಿ ಭಾರ ಹೊರುವಂತೆ ಬೆಸೆಯುವುದು. ತೆಂಗಿನ ಚಿಪ್ಪಿನ ಹಾಗೆ: ಹಗುರ, ಆದರೆ ಗಟ್ಟಿ.

ಇಂಥ ಬೋಗಿ ಸ್ವಿಟ್ಜರ್ಲೆಂಡಿನಲ್ಲೇ ಏಕೆ ಹುಟ್ಟಿತು? ಆ ದೇಶದಲ್ಲಿ ಬೆಟ್ಟ ಬೇಕಾದಷ್ಟಿದೆ, ಕಲ್ಲಿದ್ದಲು ಇಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಅಭಾವದಿಂದ ಕಷ್ಟಪಟ್ಟ ಮೇಲೆ, ಅಲ್ಲಿನವರು ಜಲವಿದ್ಯುತ್ತಿನಿಂದ ರೈಲು ಓಡಿಸಲು ಹಟ ತೊಟ್ಟರು. ಏರು ಹತ್ತುವ ರೈಲು ಹಗುರವಾಗಿರಬೇಕಲ್ಲ? 1930ರ ದಶಕದಲ್ಲಿ ಶ್ಲೀರೆನ್‌ನ ಕಾರ್ಖಾನೆಯವರು ಸ್ವಿಸ್ ರೈಲ್ವೆಗಾಗಿ ಹಗುರ ಉಕ್ಕಿನ ಬೋಗಿ ಕಟ್ಟಿದರು. ಕೊರತೆಯೇ ಅವರಿಗೆ ಗುರುವಾಯಿತು.

ಕಾರ್ಖಾನೆಯ ಪಕ್ಕದಲ್ಲಿರುವ ರೈಲು ಮ್ಯೂಸಿಯಂಗೆ ನನ್ನನ್ನು ಕರೆದುಕೊಂಡು ಹೋದವರು ಭಾವ. ಕಾರ್ಖಾನೆಯ ಫರ್ನಿಶಿಂಗ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದವರು. ಬೇವಿನ ಮರಗಳ ನೆರಳಿನಲ್ಲಿ ಹಳೆಯ ಬೋಗಿಗಳು, ಉಗಿಬಂಡಿಗಳು ನಿಂತಿದ್ದವು. ಶಾಲೆಯ ಮಕ್ಕಳು ಪುಟಾಣಿ ರೈಲಿಗೆ ಸಾಲು ನಿಂತಿದ್ದರು. ಭಾವ ಒಂದು ಬೋಗಿಯ ಬಾಗಿಲ ಚೌಕಟ್ಟನ್ನು ಕೈಯಿಂದ ಸವರಿ, ನನ್ನನ್ನು ಹತ್ತಿರ ಕರೆದರು.

"ನೋಡು, ಬೆಸುಗೆ ಹಾಕಿರೋ ಗೆರೆ ಕೈಗೆ ಸಿಗುತ್ತಾ?"

ಸಿಗಲಿಲ್ಲ.

"ನಕ್ಷೆ ನಿಮ್ಮ ಊರಿನವರದು, ಕೈ ನಮ್ಮದು," ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಆದರೆ ಅದೇ ನಕ್ಷೆ ಇಟ್ಟುಕೊಂಡು ಎಷ್ಟು ವರ್ಷ ಕೂತುಬಿಟ್ಟೆವು ಹೇಳು!" ಎಂದರು.

ಅವರ ಮಾತಿನಲ್ಲಿ ಲೆಕ್ಕವಿತ್ತು. ಆ ವಿನ್ಯಾಸದ ಕೊನೆಯ ಬೋಗಿ ಪೆರಂಬೂರಿನಿಂದ ಹೊರಬಿದ್ದದ್ದು 2018ರ ಜನವರಿಯಲ್ಲಿ. ನಡುವೆ ಸುಧಾರಣೆಗಳಾದವು, ನಿಜ. ಆದರೆ ಗಂಟೆಗೆ 160 ಕಿ.ಮೀ. ಓಡಬಲ್ಲ, ಅಪಘಾತದಲ್ಲಿ ಒಂದರ ಮೇಲೊಂದು ಹತ್ತುವುದು ಕಡಿಮೆಯಿರುವ ಹೊಸ ಬೋಗಿ ಬೇಕಾದಾಗ ಮತ್ತೆ ಹೊರಗಿನ ಬಾಗಿಲನ್ನೇ ತಟ್ಟಿದೆವು. ಈ ಸಲ ಜರ್ಮನಿಯ ಎಲ್‌ಎಚ್‌ಬಿ.

ಇತ್ತ ನಕ್ಷೆ ಕೊಟ್ಟವರ ಗತಿ ಏನಾಯಿತು? ಶ್ಲೀರೆನ್‌ನ ಬೋಗಿ ಕಾರ್ಖಾನೆ 1985ರಲ್ಲಿ ಮುಚ್ಚಿತು. ಅಂದರೆ ಶಿಷ್ಯನ ಕಾರ್ಖಾನೆ ಗುರುವಿನದಕ್ಕಿಂತ ಹೆಚ್ಚು ಕಾಲ ಬಾಳಿತು. ಹಳೆಯ ಕಾರ್ಖಾನೆಯ ನೆನಪಿಗೆ ಅಲ್ಲಿ ವಾಗಿಸ್ಟ್ರಾಸೆ ಎಂಬ ರಸ್ತೆ ಉಳಿದಿದೆ. ಬೋಗಿ ಬೆಸೆಯುತ್ತಿದ್ದ ಜಾಗದಲ್ಲಿ ಈಗ ಜೈವಿಕ ತಂತ್ರಜ್ಞಾನದ ಕಂಪನಿಗಳು. ರೋಶ್ ಕಂಪನಿಯ ಸಂಶೋಧಕರು ಅಲ್ಲಿ ಕ್ಯಾನ್ಸರ್ ಔಷಧಿ ಹುಡುಕಿದ್ದಾರೆ. ಗಡಿಯಾರದ ಕಥೆಯೂ ಹಾಗೆಯೇ. ಕ್ವಾರ್ಟ್ಜ್ ಗಡಿಯಾರಗಳು ಬಂದಾಗ ಅಲ್ಲಿನ ಗಡಿಯಾರ ಉದ್ಯಮದಲ್ಲಿದ್ದ ಸುಮಾರು 90 ಸಾವಿರ ಜನ 30 ಸಾವಿರದ ಆಸುಪಾಸಿಗೆ ಇಳಿದರು. 1983ರಲ್ಲಿ ಕೇವಲ 51 ಬಿಡಿಭಾಗಗಳ ಸ್ವಾಚ್ ಬಂದು ಉದ್ಯಮ ಮತ್ತೆ ಎದ್ದು ನಿಂತಿತು.

ಇದನ್ನು ಬರೆಯುವಾಗ ನಮ್ಮ ಜಾಲಹಳ್ಳಿಯ ಎಚ್‌ಎಂಟಿ ನೆನಪಾಗದೆ ಇರುವುದಿಲ್ಲ. ಅದೂ 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಯೋಗದಲ್ಲೇ ಹುಟ್ಟಿದ್ದು. ಗಡಿಯಾರದ ವಿದ್ಯೆ ಮಾತ್ರ ಜಪಾನಿನ ಸಿಟಿಜನ್‌ನಿಂದ ಬಂತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚ್ ಕೊಡುವ ಕಾಲವೊಂದಿತ್ತು. 2016ರಲ್ಲಿ ಆ ವಾಚ್ ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಹೊಡೆತ ಅವರಿಗೂ ಬಿತ್ತು, ನಮಗೂ ಬಿತ್ತು; ಎದ್ದ ಬಗೆ ಮಾತ್ರ ಬೇರೆ.

ಸ್ವಿಟ್ಜರ್ಲೆಂಡಿನ ಜನಸಂಖ್ಯೆ ಸುಮಾರು 90 ಲಕ್ಷ. 2011ರ ಜನಗಣತಿಯಲ್ಲೇ ಚೆನ್ನೈ ಮಹಾನಗರದ ಜನ 86 ಲಕ್ಷ ದಾಟಿದ್ದರು. ಒಂದು ಚೆನ್ನೈಯಷ್ಟಿರುವ ಈ ದೇಶ 2011ರಿಂದ ಜಾಗತಿಕ ನಾವೀನ್ಯ ಸೂಚ್ಯಂಕದಲ್ಲಿ ಸತತವಾಗಿ ಮೊದಲ ಸ್ಥಾನದಲ್ಲಿದೆ. ಗುಟ್ಟು ಪ್ರಯೋಗಾಲಯಗಳಲ್ಲಷ್ಟೇ ಇಲ್ಲ ಎಂಬುದು ಅಲ್ಲಿದ್ದು ನಾನು ಕಂಡ ಮಾತು. ಕಡ್ಡಾಯ ಶಾಲೆ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗ ಕಸುಬಿನ ತರಬೇತಿಗೆ ಸೇರುತ್ತಾರೆ. ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಉಳಿದ ದಿನ ಪಾಠ. ಅದನ್ನು 'ಓದು ಹತ್ತದವರ ದಾರಿ' ಎಂದು ಯಾರೂ ಮೂಗು ಮುರಿಯುವುದಿಲ್ಲ. ಕಾರ್ಖಾನೆ ಮುಚ್ಚಿದರೂ ಕೈಯ ವಿದ್ಯೆ ಇನ್ನೊಂದು ಕಡೆ ಚಿಗುರುತ್ತದೆ. ಶ್ಲೀರೆನ್ ಮುಚ್ಚಿದ ನಾಲ್ಕೇ ವರ್ಷಕ್ಕೆ, 1989ರಲ್ಲಿ, ಬುಸ್ನಾಂಗ್ ಎಂಬ ಹಳ್ಳಿಯಲ್ಲಿ 18 ಜನರಿದ್ದ ಸ್ಟಾಡ್ಲರ್ ಎಂಬ ಕಂಪನಿಯನ್ನು ಪೀಟರ್ ಶ್ಪುಲರ್ ಕೊಂಡರು. ಇಂದು ಅದು ಹಲವು ದೇಶಗಳಿಗೆ ರೈಲು ಮಾರುತ್ತದೆ.

ಈ ಮಾತು ಕೇಳಿ ಭಾವ, "ಹಾಗಂತ ನಾವೇನು ಸುಮ್ಮನೆ ಕೂತಿಲ್ಲಪ್ಪ," ಎಂದರು. ಅದೂ ಸರಿಯೇ. ಹಳೆಯ ವಿನ್ಯಾಸಕ್ಕೆ ಮಂಗಳ ಹಾಡಿದ ಅದೇ 2018ರಲ್ಲಿ, ಸುಧಾಂಶು ಮಣಿಯವರ ಮುಂದಾಳತ್ವದಲ್ಲಿ ಪೆರಂಬೂರಿನವರು ತಾವೇ ನಕ್ಷೆ ಬರೆದು, ಸುಮಾರು 18 ತಿಂಗಳಲ್ಲಿ 'ಟ್ರೈನ್ 18' ಕಟ್ಟಿದರು. ಅದನ್ನೆಳೆಯಲು ಪ್ರತ್ಯೇಕ ಎಂಜಿನ್ ಬೇಡ; ಮೋಟಾರುಗಳು ಬೋಗಿಗಳ ಅಡಿಯಲ್ಲೇ ಇವೆ. ಅದೇ ವಂದೇ ಭಾರತ್ ಆಗಿ 2019ರ ಫೆಬ್ರವರಿಯಲ್ಲಿ ದೆಹಲಿ-ವಾರಾಣಸಿ ನಡುವೆ ಓಡಿತು. 2022ರ ನವೆಂಬರ್‌ನಲ್ಲಿ ದಕ್ಷಿಣಕ್ಕೆ ಬಂದ ಮೊದಲ ವಂದೇ ಭಾರತ್ ನಮ್ಮ ಮೈಸೂರು-ಚೆನ್ನೈ ರೈಲು. ನಾನು ಈ ಸಲ ಬಂದದ್ದೂ ಅದರಲ್ಲೇ.

ಹಾಗಾದರೆ ಕಸುಬು ಕಲಿಸುವ ಸ್ವಿಸ್ ಪದ್ಧತಿ ನಮಗೆ ಪರಕೀಯವೇ? ಅಲ್ಲ. ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಶುರುವಾದ ಎನ್‌ಟಿಟಿಎಫ್ ಬೆಂಗಳೂರಿನ ಪೀಣ್ಯದಲ್ಲೂ ಬೇರು ಬಿಟ್ಟಿದೆ. ಅಲ್ಲಿ ಕಲಿತ ಹುಡುಗನಿಗೆ ಕೆಲಸ ಸಿಗುತ್ತದೆ ಎಂಬುದು ಗೊತ್ತಿದ್ದರೂ, ನಮ್ಮ ಮನೆಗಳಲ್ಲಿ ಮಗ ಟೂಲ್ ಮೇಕರ್ ಆಗುತ್ತೇನೆ ಎಂದರೆ ಅಪ್ಪ-ಅಮ್ಮನ ಮುಖ ಇನ್ನೂ ಸಪ್ಪಗಾಗುತ್ತದೆ. ಹೊರದೇಶದಲ್ಲಿರುವ ನಾವೂ ಇದಕ್ಕೆ ಹೊರತಲ್ಲ. ಜ್ಯೂರಿಕ್‌ನ ನಮ್ಮ ಕನ್ನಡ ಮನೆಗಳಲ್ಲೂ ಮಕ್ಕಳು ಗಿಮ್ನಾಸಿಯಂಗೇ ಸೇರಬೇಕೆಂಬ ಧಾವಂತ ಇದ್ದೇ ಇದೆ. ನಕ್ಷೆಯನ್ನು ದುಡ್ಡು ಕೊಟ್ಟು ತರಬಹುದು. ಬೆಸುಗೆ ಹಾಕುವ ಕೈಗೆ ಕೊಡುವ ಮರ್ಯಾದೆಯನ್ನು ತರಿಸಿಕೊಳ್ಳಲು ಬರುವುದಿಲ್ಲ. ಅದನ್ನು ನಾವೇ ಬೆಳೆಸಬೇಕು, ನಮ್ಮ ನಮ್ಮ ಮನೆಯಿಂದಲೇ.