ಅಪ್ಪನ ಅಟ್ಲಾಸ್ ಸೈಕಲ್ಲು

ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದ ಪಕ್ಕ, ನೆಲದಡಿಯ ಮೂರು ಅಂತಸ್ತಿನಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ಅದು ಪೂರ್ತಿಯಾದದ್ದು 2019ರಲ್ಲಿ. ಅಲ್ಲಿ ನನ್ನ ಕಣ್ಣು ಹುಡುಕುವುದು ಬ್ಯಾಟರಿ ಸೈಕಲ್ಲನ್ನಲ್ಲ, ನೆಟ್ಟಗೆ ಕೂತು ತುಳಿಯುವ, ಚೈನಿಗೆ ಪೂರ್ತಿ ಕವರ್ ಇರುವ, ಗಟ್ಟಿ ಕ್ಯಾರಿಯರಿನ ಕಪ್ಪು ಸೈಕಲ್ಲನ್ನು. ನಮ್ಮಪ್ಪನ ಅಟ್ಲಾಸಿಗೆ ಅದು ದಾಯಾದಿ. ಎರಡೂ ಹಳೆಯ ಇಂಗ್ಲಿಷ್ ರೋಡ್‌ಸ್ಟರ್ ವಂಶದವೇ.

ತಿಪಟೂರಿನ ನಮ್ಮ ಮನೆಯಲ್ಲಿ ಮಕ್ಕಳ ಸೈಕಲ್ಲು ಅಂತ ಬೇರೆ ಇರಲಿಲ್ಲ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದು ಮನೆಗೆ ಬಂದ ಮೇಲೆ ಸಂಜೆಯ ಒಂದಿಷ್ಟು ಹೊತ್ತು ಅವರ ಅಟ್ಲಾಸು ನಮ್ಮದು. ಸೀಟು ಎದೆಮಟ್ಟಕ್ಕೆ ಬರುತ್ತಿತ್ತು. ಎಡಗೈಲಿ ಹ್ಯಾಂಡಲ್ ಹಿಡಿದು, ಬಲಗೈಯಿಂದ ಸೀಟನ್ನು ತಬ್ಬಿ, ಬಾರಿನ ಕೆಳಗಿಂದ ಬಲಗಾಲು ತೂರಿಸಿ ಒಳಪೆಡಲು ಹೊಡೆಯಬೇಕು. ಸುತ್ತು ಪೂರ್ತಿಯಾಗದು, ಅರ್ಧ ತುಳಿದು ಹಿಂದಕ್ಕೆ, ಮತ್ತೆ ಅರ್ಧ. ಸೈಕಲ್ಲು ಒಂದು ಕಡೆ ವಾಲಿದರೆ ಮೈ ಇನ್ನೊಂದು ಕಡೆ. ಆದರೂ ಗಾಳಿ ಮುಖಕ್ಕೆ ಬಡಿಯುತ್ತಿತ್ತಲ್ಲ, ಅಷ್ಟು ಸಾಕಿತ್ತು.

ಆಯುಧಪೂಜೆಯ ದಿನ ಅದನ್ನು ತೊಳೆಯುವುದು ನನ್ನ ಪಾಲಿನ ಕೆಲಸ. ಹಳೇ ಪಂಚೆಯ ಚೂರಿಗೆ ಸೀಮೆಎಣ್ಣೆ ಅದ್ದಿ ಒಂದೊಂದೇ ಕಡ್ಡಿ ಒರೆಸುವುದು, ರಿಮ್ಮಿಗೆ ತೆಂಗಿನೆಣ್ಣೆ ಸವರುವುದು. ಹಬ್ಬಿನ ಮೇಲೆ ಹಳದಿ, ಕೆಂಪು ಎಳೆಗಳ ರಿಂಗೊಂದಿತ್ತು. ಚಕ್ರ ತಿರುಗಿದಂತೆ ತಾನೂ ಹೊರಳುತ್ತ ಹಬ್ಬನ್ನು ಉಜ್ಜಿ ಹೊಳಪಿಡುತ್ತಿತ್ತು. ಅದನ್ನು ಬಿಚ್ಚಿ ಸೋಪು ಹಾಕಿ ತೊಳೆದು ಬಿಸಿಲಿಗಿಡುತ್ತಿದ್ದೆ. ಆಮೇಲೆ ಕುಂಕುಮ, ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು.

ಕೇರಿಗೆ ಸ್ಕೂಟರುಗಳು ಬಂದವು ನೋಡಿ, ಸೈಕಲ್ಲು ತುಳಿಯುವವರೆಂದರೆ ಕೈಲಾಗದವರು ಎಂಬ ಮಾತೂ ಬಂತು. ಅಪ್ಪನ ಕಿವಿಗೂ ಅದು ಬಿದ್ದಿರಬೇಕು. ಆ ಮಾತಿನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಈ ದೇಶದ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಕಚೇರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಎರಡೆರಡು ಸಲ ಕೇಳಿದರು.

ಇಲ್ಲಿಯೂ ಸೈಕಲ್ಲಿಗೆ ಈ ಮರ್ಯಾದೆ ಸುಮ್ಮನೆ ದಕ್ಕಿದ್ದಲ್ಲ. ಐವತ್ತು ಅರವತ್ತರ ದಶಕಗಳಲ್ಲಿ ಇವರೂ ಕಾರಿನ ಹಿಂದೆ ಬಿದ್ದವರೇ. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಆಗ ತಂದೆತಾಯಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಭಾನುವಾರ ಕಾರು ಓಡಿಸಬಾರದೆಂದು ಸರ್ಕಾರವೇ ಹೇಳಿತು. ಖಾಲಿ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ ಬಿಟ್ಟರು. ಇವತ್ತು ನನ್ನ ಮಗಳು ಒಬ್ಬಳೇ ಶಾಲೆಗೆ ಹೋಗುವ ಕೆಂಪು ಸೈಕಲ್ ದಾರಿಯ ಹಿಂದೆ ಆ ತಾಯಂದಿರ ದುಃಖವಿದೆ. ಅವಳ ಎತ್ತರಕ್ಕೆ ತಕ್ಕ ಸೈಕಲ್ಲು ಅವಳಿಗಿದೆ. ಒಳಪೆಡಲಿನ ಸುಖ ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಇಲ್ಲಿ ನನಗೆ ತೀರಾ ಇಷ್ಟವಾಗುವುದು ಡಬಲ್ಸ್. ನಮ್ಮೂರಲ್ಲಿ ಡಬಲ್ಸ್ ಸಿಕ್ಕಿಬಿದ್ದರೆ ಪೊಲೀಸರು ಟ್ಯೂಬಿನ ಗಾಳಿ ಬಿಟ್ಟು ಕಳಿಸುತ್ತಿದ್ದರು. ಇಲ್ಲಿ ಹುಡುಗಿಯರು ಓಡುತ್ತ ಬಂದು, ಚಲಿಸುವ ಸೈಕಲ್ಲಿನ ಕ್ಯಾರಿಯರಿಗೆ ಹಾರಿ, ಎರಡೂ ಕಾಲು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರುತ್ತಾರೆ. ಜಾತ್ರೆಗೆ ಹೋಗುವಾಗ ಅಪ್ಪನ ಹಿಂದೆ ಅಮ್ಮ ಕೂರುತ್ತಿದ್ದದ್ದೂ ಹಾಗೆಯೇ, ಸೆರಗನ್ನು ಸೊಂಟಕ್ಕೆ ಬಿಗಿದು. ಬೇಸಿಗೆಗೆ ಇಬ್ಬರೂ ಇಲ್ಲಿಗೆ ಬರುವವರಿದ್ದಾರೆ. ಕ್ಯಾರಿಯರಿಗೆ ಒಂದು ಮೆತ್ತೆ ಕಟ್ಟಿಸಬೇಕು.