ಬಯಲುಸೀಮೆಯಿಂದ ಕಡಲಂಚಿಗೆ

ಕೊಂಡ್ಲಹಳ್ಳಿಯ ಸೀಮೆಯಲ್ಲಿ ಇಬ್ಬರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಮಳೆಯ ಮಾತು ಬರುತ್ತದೆ. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಮಾತ್ರ. ಅದೇ ಮುಂಗಾರು ಮಾರುತವು ಕರಾವಳಿಯಲ್ಲಿ 3,500 ಮಿ.ಮೀ.ಗೂ ಮಿಗಿಲಾಗಿ ಸುರಿದು, ಸಹ್ಯಾದ್ರಿಯ ನೆತ್ತಿಯಲ್ಲಿ ತನ್ನ ಭಾರವನ್ನೆಲ್ಲ ಇಳಿಸಿ, ಶೇಂಗಾ ಬಿತ್ತಿ ಆಕಾಶ ನೋಡುವ ಈ ನಾಡಿಗೆ ಬರಿಗೈಯಲ್ಲಿ ಬರುತ್ತದೆ. ಇಂಥ ನೆಲದಲ್ಲಿ ಹುಟ್ಟಿದವನಿಗೆ ಕಡಲೆಂದರೆ ಕುತೂಹಲವೂ ಹೌದು, ಒಳಗೊಳಗೇ ಒಂದಿಷ್ಟು ಅಸೂಯೆಯೂ ಹೌದು.

ಈ ಊರಿನ ನಿವೃತ್ತ ಉಪಾಧ್ಯಾಯರೊಬ್ಬರು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಭೂಗೋಳವನ್ನು ಬೋಧಿಸಿದವರು. ನೈಋತ್ಯ ಮಾರುತದ ಬಾಣಗಳನ್ನು ಕಪ್ಪುಹಲಗೆಯ ಮೇಲೆ ಎಳೆದು, 'ನಮ್ಮದು ಮಳೆನೆರಳಿನ ಪ್ರದೇಶ' ಎಂದು ವರ್ಷವರ್ಷವೂ ಹೇಳಿದವರು. ಆದರೆ ಆ ಬಾಣಗಳು ಹೊರಡುವ ಕಡಲನ್ನು ಅವರು ಕಂಡಿರಲಿಲ್ಲ. ಅರವತ್ತು ದಾಟಿದ ಮೇಲೆ, ಮೋಡಗಳು ಬರುವ ಹಾದಿಯನ್ನು ಹಿಮ್ಮುಖವಾಗಿ ಹಿಡಿದು ಕಡಲನ್ನು ಮುಟ್ಟಬೇಕೆಂಬ ಹಂಬಲ ಅವರಲ್ಲಿ ಗಟ್ಟಿಯಾಯಿತು. ಬಸ್ಸಿನಲ್ಲಿ ಹೋದರೆ ಒಂದು ದಿನದ ಪ್ರಯಾಣ. ಆದರೆ ನೆಲ ಹೇಗೆ ಬದಲಾಗುತ್ತದೆಂಬುದು ಬಸ್ಸಿನ ಕಿಟಕಿಗೆ ತಿಳಿಯದು. ಪೆಡಲು ತುಳಿಯುವ ಕಾಲಿಗೆ ತಿಳಿಯುತ್ತದೆ. ಶಾಲೆಗೆ ಹೋಗಿಬರುತ್ತಿದ್ದ ಹಳೆಯ ಸೈಕಲ್ಲಿಗೆ ಹೊಸ ಟೈರು, ಹೊಸ ಬ್ರೇಕುಕಟ್ಟೆ ಹಾಕಿಸಿ, ಕ್ಯಾರಿಯರಿಗೆ ಜಮಖಾನದ ಸುರುಳಿ ಬಿಗಿದು, ಒಂದು ಡಿಸೆಂಬರಿನ ನಸುಕಿನಲ್ಲಿ ಅವರು ಹೊರಟರು. ಮನೆಯವರ ಆಕ್ಷೇಪಣೆಗೆ ಅವರು ಕೊಟ್ಟ ಉತ್ತರ ಒಂದೇ: "ಇಷ್ಟು ವರ್ಷ ಹೇಳಿದ್ದನ್ನು ಒಮ್ಮೆ ನೋಡಿ ಬರ್ತೀನಿ."

ಚಳ್ಳಕೆರೆ, ಚಿತ್ರದುರ್ಗ, ಹೊಳಲ್ಕೆರೆ, ಶಿವಮೊಗ್ಗ, ಸಾಗರ, ಅಲ್ಲಿಂದ ಜೋಗದ ಬಳಿ ಘಟ್ಟ ಇಳಿದು ಹೊನ್ನಾವರ: ಇದು 300 ಕಿ.ಮೀ.ಗೂ ಮಿಕ್ಕ ದಾರಿ. ಜಾಲಿಯ ಮುಳ್ಳು ಹಿಂದೆ ಉಳಿದು ತೆಂಗು ಬಂದಿತು; ತೆಂಗು ಕಳೆದು ಅಡಕೆ ಬಂದಿತು; ಸಾಗರ ದಾಟಿದ ಮೇಲೆ ಮರಗಳ ನೆರಳಿನಿಂದ ರಸ್ತೆಯೇ ತಂಪಾಯಿತು. ಜೋಗದಲ್ಲಿ ಚಳಿಗಾಲದ ಶರಾವತಿ ಸೊರಗಿದ್ದಳು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಅವಳನ್ನು ಮೇಲೆಯೇ ತಡೆದು ನಿಲ್ಲಿಸಿದೆ. ಗೇರುಸೊಪ್ಪೆಯತ್ತ ಇಳಿಯುವ ಘಟ್ಟದಲ್ಲಿ ಬ್ರೇಕು ಹಿಡಿದು ಹಿಡಿದು ಚಕ್ರದ ರಿಮ್ಮು ಕಾದು ಹೋಗಲು, ಅವರು ತಿರುವು ತಿರುವಿಗೂ ನಿಂತು, ಅದು ಆರಿದ ಮೇಲೆಯೇ ಮುಂದುವರಿದರು. ಐದನೆಯ ದಿನದ ಸಂಜೆ ಹೊನ್ನಾವರದಲ್ಲಿ ಅದೇ ಶರಾವತಿ ಅಗಲವಾಗಿ, ಸದ್ದಿಲ್ಲದೆ ಕಡಲನ್ನು ಸೇರುವುದನ್ನು ಕಂಡರು. ಕತ್ತಲಾಗುವವರೆಗೂ ಅಲ್ಲಿಂದ ಅಲುಗಲಿಲ್ಲ.

ಹೊನ್ನಾವರದಿಂದ ಕುಂದಾಪುರದವರೆಗಿನ ಹೆದ್ದಾರಿ ಸೈಕಲ್ ಸವಾರನಿಗೆ ಸುಖವನ್ನೂ ಅಂಜಿಕೆಯನ್ನೂ ಸಮನಾಗಿ ಕೊಡುತ್ತದೆ. ಮಂಕಿ, ಮುರುಡೇಶ್ವರ, ಭಟ್ಕಳ, ಶಿರೂರು, ಬೈಂದೂರು ದಾಟುವಾಗ ಒಮ್ಮೆ ತೆಂಗಿನ ತೋಪು, ಒಮ್ಮೆ ಗದ್ದೆ, ಒಮ್ಮೆ ಹಳ್ಳದ ಸೇತುವೆ. ನಡುನಡುವೆ ಕಡಲು ಇಣುಕಿ ಮರೆಯಾಗುತ್ತದೆ. ಆದರೆ ಬೆನ್ನ ಹಿಂದೆ ಲಾರಿಗಳ ಆರ್ಭಟವಿರಲು ನೋಟವನ್ನು ಕಡಲಿಗೆ ಒಪ್ಪಿಸುವಂತಿಲ್ಲ. ಜಪಾನಿನಲ್ಲಿ ಈ ಕಷ್ಟಕ್ಕೊಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಹಿರೋಶಿಮಾ ಪ್ರಾಂತ್ಯದ ಒನೊಮಿಚಿಯಿಂದ ಶಿಕೊಕು ದ್ವೀಪದ ಇಮಾಬರಿಯವರೆಗೆ, ಒಳಗಡಲಿನ ಆರು ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿದ ಸುಮಾರು 70 ಕಿ.ಮೀ. ಉದ್ದದ ಶಿಮಾನಾಮಿ ಮಾರ್ಗವು 1999ರಲ್ಲಿ ತೆರೆಯಿತು. ಅಲ್ಲಿನ ಮಹಾಸೇತುವೆಗಳ ಮೇಲೆ ಸೈಕಲ್ಲಿಗೆ ಪ್ರತ್ಯೇಕ ದಾರಿಯುಂಟು. ದ್ವೀಪಗಳ ರಸ್ತೆಯಂಚಿನಲ್ಲಿ ಎಳೆದ ನೀಲಿ ಗೆರೆಯನ್ನು ಹಿಡಿದು ಹೋದರೆ ಹೊಸಬನೂ ದಾರಿ ತಪ್ಪನು. ಸೌಂದರ್ಯ ನಮ್ಮ ಕರಾವಳಿಯಲ್ಲಿ ಕಡಮೆಯಿಲ್ಲ. ಸೈಕಲ್ಲಿಗೆಂದು ಮೀಸಲಾದ ಒಂದು ಗೇಣು ರಸ್ತೆಯ ಕೊರತೆಯಿದೆ.

ಮರವಂತೆಯಲ್ಲಿ ಮಾತ್ರ ಉಪಾಧ್ಯಾಯರು ಸೈಕಲ್ಲಿನಿಂದ ಇಳಿದೇಬಿಟ್ಟರು. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ, ನಡುವೆ ಕೈಯಗಲದ ನೆಲದಂತೆ ಹೆದ್ದಾರಿ. ಒಂದು ಕಡೆ ಅಲೆಗಳ ಅಬ್ಬರ. ಇನ್ನೊಂದು ಕಡೆ ಬೆಟ್ಟಗಳ ನೆರಳನ್ನು ಹೊತ್ತು ನಿಂತ ನೀರಿನ ಮೌನ. ಕಡಲ ಕೊರೆತದಿಂದ ರಸ್ತೆಯನ್ನು ಉಳಿಸಲು ದಡದುದ್ದಕ್ಕೂ ಹೆಬ್ಬಂಡೆಗಳನ್ನು ಸುರಿದಿದ್ದಾರೆ. ಎಡಕ್ಕೂ ನೀರು, ಬಲಕ್ಕೂ ನೀರು. ಜೀವನವಿಡೀ ಕೊಡಗಳನ್ನು ಎಣಿಸಿದ ಊರಿನವರಿಗೆ ಆ ನೋಟ ಸಹಿಸಲಾಗದಷ್ಟು ದೊಡ್ಡದು.

ರಸ್ತೆಯ ಬದಿಯಲ್ಲಿ ಮೀನಿನ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳಿಗೆ ಅವರು, "ನೀವು ಪುಣ್ಯವಂತರು ತಾಯಿ, ನಿಮಗೆ ನೀರಿನ ಚಿಂತೆಯಿಲ್ಲ" ಎಂದರು. ಅವಳು ನಕ್ಕಳು. "ಕಡ್ಲ್ ನೀರ್ ಕುಡುಕಾತ್ತಾ ಮರಾಯ್ರೇ?" ಎಂದು ಕೇಳಿ, ತನ್ನ ಮನೆಯ ಬಾವಿಯ ನೀರು ಬೇಸಿಗೆ ಬಂದರೆ ಉಪ್ಪಾಗುವುದನ್ನೂ, ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವುದನ್ನೂ ಹೇಳಿದಳು.

ಆ ಮಾತು ಅವರನ್ನು ಸುಮ್ಮನಾಗಿಸಿತು. ಕರಾವಳಿಯ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಘಟ್ಟದಿಂದ ಧುಮುಕುವ ನದಿಗಳು ಗಿಡ್ಡ, ಅವುಗಳ ಇಳಿಜಾರು ಕಡಿದು. ಬಂದ ನೀರು ನಿಲ್ಲದೆ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ ಉಬ್ಬರದ ಉಪ್ಪುನೀರು ಹೊಳೆಯ ಬಾಯಿಂದ ಒಳಗೇರಿ, ಆಸುಪಾಸಿನ ಬಾವಿಗಳನ್ನೂ ಗದ್ದೆಗಳನ್ನೂ ಕೆಡಿಸುತ್ತದೆ. ಅದಕ್ಕೆಂದೇ ಅಲ್ಲಿನವರು ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ, ಮಳೆಗಾಲ ಕಳೆದ ಮೇಲೆ ಹಲಗೆಗಳನ್ನಿಳಿಸಿ, ಒಳಗಿನ ಸಿಹಿನೀರನ್ನು ಉಳಿಸಿ ಹೊರಗಿನ ಉಪ್ಪನ್ನು ತಡೆಯುತ್ತಾರೆ. ಬಯಲುಸೀಮೆಯ ಹಿರಿಯರು ಕೆರೆಗೆ ಏರಿ ಕಟ್ಟಿದ್ದೂ ಇದೇ ಉದ್ದೇಶಕ್ಕೆ. ಒಂದು ಕಡೆ ಮಳೆ ಅಲ್ಪ, ಇನ್ನೊಂದು ಕಡೆ ಅಪಾರ. ಆದರೆ ಬಿದ್ದದ್ದನ್ನು ನಿಲ್ಲಿಸಿಕೊಳ್ಳದವನಿಗೆ ಎರಡೂ ಕಡೆ ಬರವೇ. ಮಳೆಯ ಅಳತೆಯನ್ನು ಭೂಗೋಳದ ಪುಸ್ತಕ ಹೇಳಿತ್ತು. ಅದರ ಈ ಅರ್ಥವನ್ನು ಹೇಳಲು ಓದು ಬರೆಹ ಕಲಿಯದ ಒಬ್ಬ ಹೆಂಗಸೇ ಬೇಕಾಯಿತು. ಮುದುಕಿಯ ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಟ್ಟು, ಉಪಾಧ್ಯಾಯರು ಕುಂದಾಪುರದ ಕಡೆಗೆ ಸೈಕಲ್ಲನ್ನು ತಿರುಗಿಸಿದರು. ಹೊರಡುವಾಗ ಜೊತೆಗಿದ್ದ ಅಸೂಯೆ ಮರವಂತೆಯಲ್ಲಿಯೇ ಉಳಿಯಿತು.

ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದ ಮೇಲೆ, ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಸೈಕಲ್ಲು ಹೊಸ್ತಿಲು ತುಳಿಯಿತು. ಅವು ಶಾಲೆಯ ದಾರಿಯಷ್ಟನ್ನೇ ಬಲ್ಲವು. ಅವುಗಳ ಒಡೆಯರಾದ ತರುಣರು ಒಮ್ಮೆಯಾದರೂ ಕಡಲ ಹಾದಿ ಹಿಡಿಯಲಿ. ಮಳೆ ಕಳೆದ ಡಿಸೆಂಬರಿನಲ್ಲಿ ಹೊರಡುವುದು ಲೇಸು. ಕರಾವಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸಾಗಿದರೆ ಮಧ್ಯಾಹ್ನದ ವಾಯುವ್ಯದ ಕಡಲಗಾಳಿ ಬೆನ್ನಿಗೆ ನೆರವಾಗುತ್ತದೆ. ಉಪ್ಪುಗಾಳಿಗೆ ಚೈನು ತುಕ್ಕು ಹಿಡಿಯುವುದರಿಂದ ಪ್ರತಿ ಸಂಜೆ ಒರೆಸಿ ಎಣ್ಣೆ ಬಿಡಬೇಕು. ಪಂಪು, ಎರಡು ಟ್ಯೂಬು, ಪಂಕ್ಚರಿನ ಸಾಮಾನು ಜೊತೆಗಿರಲಿ. ಕುಡಿಯುವ ನೀರನ್ನು ಮರೆಯದೆ ತುಂಬಿಕೊಳ್ಳಲಿ; ಕಡಲ ದಡದಲ್ಲಿಯೂ ಅದು ಕೇಳಿದೊಡನೆ ಸಿಕ್ಕುವ ವಸ್ತುವಲ್ಲ.